ತೊಳೆದುಕೊಟ್ಟ ಬಾಟಲಿ

ಹಳೇಬೀಡಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಕಿರಿಯವಳು ರೆಸಾರ್ಟಿನ ಕೆಲಸದವರು ಉಡುವ ಸೀರೆಯಲ್ಲಿದ್ದಳು. ಹಿರಿಯವಳ ಮಡಿಲಲ್ಲಿ ಆಸ್ಪತ್ರೆಗೆ ಒಯ್ಯುವ ಊಟದ ಕ್ಯಾರಿಯರ್ ಇತ್ತು.

“ಅಣ್ಣಂಗೆ ಏನಾದ್ರೂ ಕಾಣ್ತೈತಾ ಅತ್ತಿಗೆ?” ಕಿರಿಯವಳು ಕೇಳಿದಳು.

“ಮಟಮಟ ಮಧ್ಯಾಹ್ನ ಲೈಟ್ ಹಾಕು ಅಂತಾರೆ.”

“ಪಿತೃಪಕ್ಷಕ್ಕೆ ಅಪ್ಪನ ಎಡೆಗೆ ಒಳ್ಳೇ ಫಾರಿನ್ ಬಾಟ್ಲು ಇಡಾನ ಅಂತ ರೆಸಾರ್ಟಿನ ಬಾರಿಂದ ತಂದಿದ್ದೆ. ಸೀಲು ಒಡೆದಿರ್ಲಿಲ್ಲ.”

“ಮಾವ ಸಾಯಗಂಟ ಪಾಕೀಟು ಬ್ರಾಂದಿ ಕುಡಿದೋರು. ಅದನ್ನೇ ಇಟ್ಟಿದ್ರೆ ಆಗ್ತಿತ್ತು. ಎಡೆ ಎತ್ತಿದ್ಮೇಲೆ ಪ್ರಸಾದ ಅಂತ ಕುಡಿದೋರು ನಿಮ್ಮಣ್ಣ.”

“ಒಳಗೆ ಏನು ತುಂಬ್ತಾರೆ ಅಂತ ನಂಗೇನು ಗೊತ್ತು?”

“ರೆಸಾರ್ಟಿಗೆ ಬಂದೋರಿಗೆ ಏನೂ ಆಗ್ಲಿಲ್ವಾ?”

“ಇಬ್ಬರು ವಾಂತಿ ಮಾಡ್ಕಂಡು ರೂಮು ಖಾಲಿ ಮಾಡಿದ್ರು. ಮೀನು ಕೆಟ್ಟಿತ್ತು ಅಂತ ಅಡಿಗೆಯೋನ್ನ ಓಡಿಸಿದ್ರು.”

“ಕುಡಿದಿಟ್ಟ ಬಾಟ್ಲು ಯಾರು ಎತ್ತೋದು?”

“ನಾವೇ. ಫಾರಿನ್ ಬಾಟ್ಲು ಒಡೀಬ್ಯಾಡಿ, ಮೇಲಿನ ಚೀಟಿ ಹರೀದಂಗೆ ತೊಳೀರಿ, ಮುಚ್ಚಳ ಸಮೇತ ಸ್ಟೋರಿಗೆ ಕೊಡಿ ಅಂತಾರೆ ಮ್ಯಾನೇಜರು.”

“ಯಾತಕ್ಕೆ ಅಂತ ಕೇಳ್ಲಿಲ್ವಾ?”

“ಕೆಲಸದೋರು ಕೇಳೋಕಾಯ್ತದಾ ಅತ್ತಿಗೆ?”

ಹಾಸನದ ಬಸ್ಸು ಬಂತು. ಹಿರಿಯವಳು ಕ್ಯಾರಿಯರ್ ಎತ್ತಿಕೊಂಡಳು.

“ನೀನ್ಯಾಕೆ ನೋಡಕ್ಕೆ ಬರ್ಲಿಲ್ಲ ಅಂತ ನಿಮ್ಮಣ್ಣ ಕೇಳ್ತಾರೆ. ಬಾಟ್ಲು ತೊಳೆಯಕ್ಕೆ ಹೋಗವ್ಳೆ ಅಂತೀನಿ.”

ಬಸ್ಸು ಹೋದ ಸ್ವಲ್ಪ ಹೊತ್ತಿಗೆ ರೆಸಾರ್ಟಿನ ವ್ಯಾನ್ ಬಂತು. ಕಿರಿಯವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹತ್ತಿದಳು.