ನಿಧಿ ಲಭ್ಯವಿಲ್ಲ

ನಗು, ನಗು! ಗಂಡನ ಮಂಡಿನೋವಿಗೆ ಹರಕೆ ಅಂತ ಅದೇ ಮಂಡಿಯಲ್ಲಿ ಇಂದ್ರಕೀಲಾದ್ರಿ ಬೆಟ್ಟ ಹತ್ತಿಸಿದವಳು ನೀನು, ನಗದೆ ಇನ್ನೇನು? ತಡಿ ಶಾರದಾ, ಈ ಮೆಟ್ಟಿಲ ಮೇಲೆ ಒಂದೈದು ನಿಮಿಷ ಕೂತು ಇಳಿಯೋಣ. ಪಟಮಟದಲ್ಲಿ ನಿನ್ನ ತಂಗಿ ಊಟಕ್ಕೆ ಕಾಯ್ತಿರ್ತಾಳೆ, ಗೊತ್ತು. ಕಾಯಲಿ ಬಿಡೇ.

ಎಲ್ಲಿದ್ದೆ? ಹಾಂ, ಯುದ್ಧ! ಪಾರ್ಲಿಮೆಂಟ್ ಮೇಲೆ ದಾಳಿ ಆಗಿ ತಿಂಗಳಾಯ್ತು, ಗಡಿ ತುಂಬಾ ಸೈನ್ಯ... ಈ ದಿನಕರನ ಯುದ್ಧ ಮಾತ್ರ ವೈಜಾಗ್ ಆಫೀಸಿನ ಮೇಜಿನ ಮೇಲೇ! ನೌಕಾಪಡೆ ಹಡಗಿಗೆ ಒಂದು ಮೊಳೆ ಬೇಕಾದ್ರೂ ಅಕೌಂಟ್ಸ್‌ನೋರ ಸಹಿ ಬೇಕಲ್ಲ. ನಾನೇನ್ ಬರೀತಿದ್ದೆ? 'ನಿಧಿ ಲಭ್ಯವಿಲ್ಲ.' ಸರ್ವೀಸ್ ಪೂರ್ತಿ ಇದೇ ಮಂತ್ರ. ಪ್ಯೂನ್ ದಕ್ಷಿಣಾಮೂರ್ತಿ ನನಗೆ ಬೆನ್ನ ಹಿಂದೆ 'ಲೇದುಗಾರು' ಅಂತಾನಂತೆ. ಇಲ್ಲ ಅನ್ನೋ ಸಾಹೇಬ್ರು!

ಸುಳ್ಳೇನಲ್ಲ ಕಣೇ. ದೆಹಲಿಯಿಂದ ದುಡ್ಡೇ ಬರ್ತಿರಲಿಲ್ಲ. ಬಂದ್ರೂ ಫೆಬ್ರವರಿ ಕೊನೇಲಿ. ಮಾರ್ಚ್ ಮುಗಿಯೋದ್ರೊಳಗೆ ಖರ್ಚಾಗದಿದ್ರೆ ವಾಪಸ್ಸು! ಆ ಅವಸರದಲ್ಲಿ ಏನು ಕೊಳ್ತಾರೆ ಹೇಳು? ಬೇಗ ಸಿಗೋದನ್ನ. ಕುರ್ಚಿ, ಪರದೆ, ಬಣ್ಣ... ನಮ್ಮ ಹಡಗುಗಳಷ್ಟು ಚೆನ್ನಾಗಿ ಬಣ್ಣ ಬಳ್ಕೊಂಡಿರೋ ಹಡಗು ಎಲ್ಲೂ ಇಲ್ಲ ಬಿಡು.

ಬೆಂಕಿ ಆರಿಸೋ ಪಂಪ್ ಮಾತ್ರ ಪ್ರತಿ ವರ್ಷ 'ಮುಂದಿನ ವರ್ಷ ನೋಡೋಣ'. ಅದನ್ನ ಮಾಡಿಕೊಡೋದಕ್ಕೇ ಒಂದೂವರೆ ವರ್ಷ ಬೇಕು. ಈಗ ತಮಾಷೆ ನೋಡು! ಹೋದ ವಾರ ದೆಹಲಿಯಿಂದ ಫೋನು. ಎಷ್ಟು ಬೇಕೋ ಕೇಳಿ, ಕೊಡ್ತೀವಿ ಅಂತ! ನಾನೂ ಒಂದೇ ಒಂದು ಪ್ರಶ್ನೆ ಎತ್ತದೆ ಸಹಿ ಹಾಕಿದೆ. ದಕ್ಷಿಣಾಮೂರ್ತಿ ಗಾಬರಿಬಿದ್ದು 'ಜ್ವರವಾ ಸಾರ್?' ಅಂದ. ಪಂಪಿನ ಕಂಪನಿಯೋರು ಏನಂದ್ರು? ದುಡ್ಡು ಇವತ್ತೇ ಕೊಟ್ರೂ ಪಂಪು ಮುಂದಿನ ವರ್ಷವೇ ಅಂದ್ರು. ಯುದ್ಧಾನ ಸ್ವಲ್ಪ ಮುಂದಕ್ಕೆ ಹಾಕಿ ಅಂತ ಪಾಕಿಸ್ತಾನಕ್ಕೊಂದು ಫೈಲ್ ಕಳಿಸಲಾ? ನನ್ನದೇ ಸಹಿ ಹಾಕಿ!

ಯಾಕೆ, ಇದಕ್ಕೆ ನಗಲ್ವಾ?

ಆ ಪಂಪಿಗೆ ಕಾಯ್ತಿದ್ದ ಹಡಗು ಹೊರಟೂ ಆಯ್ತು ಬಿಡು. ಹಳೇ ಪಂಪನ್ನೇ ಬಿಚ್ಚಿ, ಉಜ್ಜಿ, ಮತ್ತೆ ಕೂರಿಸ್ಕೊಂಡು... ಅದ್ಯಾವ ಹಡಗಾದ್ರೆ ನಮಗೇನು? ವರುಣ್ ಕೊಚ್ಚಿಯಲ್ಲಿ ಟ್ರೇನಿಂಗ್‌ನಲ್ಲಿದ್ದಾನೆ, ಆರಾಮಾಗಿ. ಮಗನ ಫೋನ್ ಬಂದಿಲ್ಲ ಅಂದ್ರೆ ಲೈನ್ ಸಿಗ್ತಿಲ್ಲ, ಅಷ್ಟೇ. ಹೇಳಿದ್ನಲ್ಲ ನಿನಗೆ... ಎರಡು ಸಲ ಹೇಳಿದೆ.

ಏನೇ ಹಾಗೆ ನೋಡ್ತೀಯ?

ಅಲ್ಲ... ಒಂದು ಮಾತು. ಮೇಲೆ ಅರ್ಚನೆ ಮಾಡೋವಾಗ ಅರ್ಚಕರು 'ಅನುರಾಧಾ ನಕ್ಷತ್ರ' ಅಂದ್ರು. ನನ್ನದು ಪುಷ್ಯ. ಏನೋ ಅವರೇ ತಪ್ಪಿದ್ರು ಅಂದ್ಕೊಂಡೆ. ಅನುರಾಧಾ ನಮ್ಮ ಮನೇಲಿ... ಅವನೊಬ್ಬನದೇ.

ಮಂಡಿಗಲ್ವಾ ಹರಕೆ?

ಆ ಹಡಗಲ್ಲಿ ಹೊರಡೋ ಮುಂಚೆ ನಿನಗೂ ಫೋನ್ ಮಾಡಿದ್ನಾ? ಅಮ್ಮನಿಗೆ ಹೇಳ್ಬೇಡಪ್ಪ ಅಂತ ನನ್ನ ಹತ್ರ ಮಾತು ತಗೊಂಡಿದ್ನಲ್ಲೇ ಅವನು! ಇಷ್ಟು ದಿನ ನಾನು ಕೊಚ್ಚಿ, ಕೊಚ್ಚಿ ಅಂತಿದ್ರೆ, ಎಲ್ಲಾ ಗೊತ್ತಿದ್ದೂ ನೀನು ಕಾಫಿ ಕೊಟ್ಕೊಂಡು...

ಮಾತಾಡೇ ಶಾರದಾ. ಬಯ್ಯಿ. ನನಗೆ ಭಯ ಆಗ್ತಿದೆ ಕಣೇ.

...ಎಲ್ಲಿ, ಕೈ ಕೊಡು. ಏಳ್ತೀನಿ. ಕೆಳಗಲ್ಲ, ಇನ್ನೊಂದ್ಸಲ ಮೇಲಕ್ಕೆ ಹೋಗೋಣ. ಈ ಸಲ ನಕ್ಷತ್ರ ನಾನು ಹೇಳ್ತೀನಿ.