ಅರವತ್ತೆರಡನೆಯ ಬೆಟ್ಟ

ಮೇಷ್ಟ್ರ ಮನೆಯವರಾದ ಜಲಜಮ್ಮನವರೇ, ಮಗಳು ರಂಜಿನಿ, ನಮ್ಮ ಶಾಲೆಯ ಸಹೋದ್ಯೋಗಿಗಳೇ, ಮತ್ತಿಗಿರಿಯ ಹಿರಿಯರೇ — ಎಲ್ಲರಿಗೂ ನಮಸ್ಕಾರ. ನಾನು ಮಧುಸೂದನ್. ಹದಿನೈದು ವರ್ಷ ಸ್ಟಾಫ್ ರೂಮಿನಲ್ಲಿ ಬದರೀನಾಥ ಮೇಷ್ಟ್ರ ಪಕ್ಕದ ಕುರ್ಚಿ ನನ್ನದು. ಅವರ ಈ ಶ್ರದ್ಧಾಂಜಲಿ ಸಭೆಯಲ್ಲಿ ನಾಲ್ಕು ಒಳ್ಳೆಯ ಮಾತಾಡಿ ಅಂತ ಹೆಡ್‌ಮಾಸ್ಟರು ಹೇಳಿದ್ದಾರೆ. ನೋಡೋಣ.

ನಲವತ್ತೆಂಟಕ್ಕೆ ಅವರಿಗೆ ಸಕ್ಕರೆ ಕಾಯಿಲೆ ಬಂತು. ನಾವಾಗಿದ್ದರೆ ಮಾತ್ರೆ ನುಂಗಿ ಸುಮ್ಮನಾಗುತ್ತಿದ್ದೆವು. ಅವರು ನಿವೃತ್ತಿಯೊಳಗೆ ನೂರೆಂಟು ಬೆಟ್ಟ ಹತ್ತುತ್ತೇನೆ ಅಂತ ಪಣ ತೊಟ್ಟರು. ನಮ್ಮ ಈ ಗಡಿ ಜಿಲ್ಲೆಯಲ್ಲಿ ಬೆಟ್ಟಕ್ಕೇನು ಬರವೇ? ಆದರೆ ಅವರದೇ ಒಂದು ಕಟ್ಟುಪಾಡು. ತಪ್ಪಲಿನ ಊರಿನವರನ್ನು ಕೇಳಿ ಹೆಸರು ಬರೆದುಕೊಳ್ಳದೆ ಯಾವ ಬೆಟ್ಟವನ್ನೂ ಹತ್ತಬಾರದು. ಒಂದೇ ಗುಡ್ಡಕ್ಕೆ ಕನ್ನಡದಲ್ಲೊಂದು, ತಮಿಳಲ್ಲೊಂದು, ತೆಲುಗಲ್ಲೊಂದು ಹೆಸರು — ಮೂರನ್ನೂ ಬರೆಯೋರು. ಬೇರಿಕೆ ಕಡೆ ಮುನಿವೆಂಕಟಮ್ಮ ಅಂತ ಒಬ್ಬಜ್ಜಿ, "ಅದಕ್ಯಾಕ್ ಸಾಮಿ ಹೆಸ್ರು, ದಿನಾ ಎದ್ರೆ ಅಲ್ಲೇ ಬಿದ್ದಿರ್ತದೆ" ಅಂದಳಂತೆ. ಅವತ್ತು ಹತ್ತದೆ ವಾಪಸ್ ಬಂದರು! ನಾವು ಬಿದ್ದು ಬಿದ್ದು ನಕ್ಕೆವು.

ನಕ್ಕೆವು — ಅದೊಂದೇ ನಾವು ಮಾಡಿದ್ದು. ಹೊರಡುವ ಮುನ್ನಾದಿನ, ಶನಿವಾರ, ವಾಟ್ಸಾಪ್‌ನಲ್ಲಿ ಕೇಳೋರು, "ನಾಳೆ ಯಾರು ಬರ್ತೀರಿ?" ಹನ್ನೆರಡು ಹೆಬ್ಬೆಟ್ಟು ಮೇಲೇಳೋವು. ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ಅವರೊಬ್ಬರೇ. ಹತ್ತು ವರ್ಷ! ಇವತ್ತು ನೋಡಿ — ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿದ್ದೀರಿ. "ನಮ್ಮ ಸ್ಫೂರ್ತಿ" ಅಂತ ಫ್ಲೆಕ್ಸ್ ಬೇರೆ. ನಮಗೆ ನಾಚಿಕೆಯಾಗಬೇಕು.

ಎಲ್ಲರಿಗಿಂತ ಹೆಚ್ಚು ನನಗೆ. ಜಲಜಮ್ಮನವರೇ, ಇದು ನಿಮಗೆ ಗೊತ್ತಿಲ್ಲ. ಅವರು ಕೊನೆಯ ಸಲ ಹೊರಡುವ ಮುನ್ನಾದಿನ, ಆ ಶನಿವಾರ, ನಾನು ಫೋನ್ ಮಾಡಿ, "ಆರು ಗಂಟೆ ಬಸ್ಸಿಗೆ ಖಂಡಿತ ಬತ್ತೀನಿ ಸಾರ್" ಅಂದೆ. ಬೆಳಿಗ್ಗೆ ಎಚ್ಚರವಾಯಿತು. ಮಗ್ಗುಲು ಬದಲಿಸಿ ಮಲಗಿದೆ.

ಅಂಚೆಟ್ಟಿ ಕಡೆಗೆ ಬಸ್ಸೆಷ್ಟಿವೆ ಅಂತ ನಿಮಗೇ ಗೊತ್ತು. ನನಗಾಗಿ ಕಾದು ಅವರು ಆರರ ಬಸ್ಸು ಬಿಟ್ಟರು. ಮುಂದಿನದು ಒಂಬತ್ತೂವರೆಗೆ. ಏಪ್ರಿಲ್ ಬಿಸಿಲು, ನಡು ಮಧ್ಯಾಹ್ನ, ಅರವತ್ತೆರಡನೆಯ ಬೆಟ್ಟ.

ಬಿಸಿಲಿಗೆ ಕುಸಿದು ಮೇಲೆಯೇ ಪ್ರಾಣ ಬಿಟ್ಟಿದ್ದ ಅವರನ್ನು ಕೆಳಗೆ ಹೊತ್ತು ತಂದದ್ದು ಕುರಿ ಕಾಯುವ ಬೀರೇಶ್. ನನಗೆ ಹೇಳಿದ — "ಹೊತ್ತೇರ್ಬುಟ್ಟದೆ, ಹತ್ಬೇಡಿ ಅಂದೆ ಸಾಮಿ. ಕೇಳ್ನಿಲ್ಲ. 'ನಮ್ ಮೇಷ್ಟ್ರೊಬ್ರು ಮುಂದಿನ್ ಬಸ್ಸಲ್ಲಿ ಬತ್ತಾರೆ, ಅವ್ರಿಗೆ ದಾರಿ ತೋರ್ಸು' ಅಂದ್ರು. ಅದ್ಕೇ ನಾನು ಮೇಲಕ್ಕೆ ಹೋಗ್ದೆ ಇಲ್ಲೇ ಕಾಯ್ತಾ ಕುಂತ್ಬುಟ್ಟೆ."

ನನಗೆ ದಾರಿ ತೋರಿಸೋಕೆ —

ಕ್ಷಮೆ ಕೇಳೋಕೆ ನನಗೆ ಬಾಯಿಲ್ಲ. ದಯವಿಟ್ಟು ಎಲ್ಲರೂ ಏಳಿ. ಎರಡು ನಿಮಿಷ ಮಾತಿಲ್ಲದೆ ನಿಲ್ಲೋಣ. ಜಲಜಮ್ಮನವರೇ, ರಂಜಿನಿ, ನೀವು ಕೂತಿರಿ. ನಿಲ್ಲಬೇಕಾದವರು ನಾವು.