ಸಾಲಿನಲ್ಲಿ ಮುಂದಿದ್ದ ಲಾರಿ

ಮೊದಲೇ ಹೇಳಿಬಿಡುತ್ತೇನೆ, ದೀಪ ಆರಿಸಬೇಡಿ. ಇದು ನಡೆದದ್ದು ನಮ್ಮ ದೊಡ್ಡಮ್ಮನ ಮಗನಿಗೆ. ರೋಗದ ಕಾಲದಲ್ಲಿ ದೇಶಗಳ ಗಡಿಯನ್ನೆಲ್ಲ ಬಿಗಿ ಮಾಡಿದ್ದರಲ್ಲ, ಆಗ.

ಅವನು ಲಾರಿ ಡ್ರೈವರ್. ಗಡಿ ಗೇಟಿನ ಮುಂದೆ ಮೈಲುದ್ದದ ಸಾಲಿನಲ್ಲಿ ಸಿಕ್ಕಿಬಿದ್ದಿದ್ದ. ಆರನೆಯ ರಾತ್ರಿ, ಹನ್ನೊಂದು ದಾಟಿತ್ತು. ರಸ್ತೆ ಪಕ್ಕದ ಬಾವಿಯಿಂದ ಎರಡು ಕ್ಯಾನು ನೀರು ಸೇದಿಕೊಂಡು ಒಬ್ಬನೇ ಬರುತ್ತಿದ್ದ. ಹಿಂದೆ ರಾಟೆ ಇನ್ನೂ ಕಿರ್... ಕಿರ್... ಎನ್ನುತ್ತಿತ್ತು. ಗಾಳಿಗಿರಬೇಕು ಅಂದುಕೊಂಡ. ಗಾಳಿಯೇ ಇರಲಿಲ್ಲ.

ಅವನ ಹೆಂಡತಿ ಗಡಿಯ ಆ ಕಡೆ ಆಸ್ಪತ್ರೆಯಲ್ಲಿದ್ದಳು. ತುಂಬು ಬಸುರಿ. ಬೆಳಗ್ಗೆ ಎಂಟಕ್ಕೆ ಆಪರೇಷನ್. ಅವಳ ಗುಂಪಿನ ರಕ್ತ ಸಿಗುವುದು ಕಷ್ಟ, ಇವನದ್ದೇ ಆಗಬೇಕು. ಇವನ ಟೆಸ್ಟ್ ಕಾಗದದ ಅವಧಿ ಬೆಳಗ್ಗೆ ಆರಕ್ಕೆ ಮುಗಿಯುತ್ತಿತ್ತು. ಆರು ದಾಟಿದರೆ ಮತ್ತೆ ಟೆಸ್ಟು, ಮತ್ತೆ ಸಾಲಿನ ಬಾಲಕ್ಕೆ.

ಸಾಲು ಸರಿಯುತ್ತಿದ್ದದ್ದು ರಾತ್ರಿ ಹೊತ್ತು. ನಿದ್ದೆ ಹೋದವನನ್ನು ಬಿಟ್ಟು ಹಿಂದಿನವರು ನುಗ್ಗಿಬಿಡುತ್ತಿದ್ದರು. ಅದಕ್ಕೇ ಡ್ರೈವರುಗಳು ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಸಾಲು ಸರಿದರೆ ಮುಂದಿನ ಲಾರಿಯವನು ಇಳಿದು ಬಂದು ಹಿಂದಿನವನ ಬಾನೆಟ್ ಮೇಲೆ ಎರಡು ಸಲ ಬಡಿಯಬೇಕು. ಇವನ ಮುಂದಿದ್ದವನು ಒಬ್ಬ ಮುದುಕ. ಸ್ಪ್ಯಾನರಿನಿಂದ ಟಣ್ ಟಣ್ ಎಂದು ಒಮ್ಮೆಯೂ ತಪ್ಪದೆ ಬಡಿಯುತ್ತಿದ್ದ. ಎಲ್ಲರೂ ಅವನನ್ನು ಗಡಿಯಾರ ತಾತ ಎನ್ನುತ್ತಿದ್ದರು.

ಕ್ಯಾನು ಹಿಡಿದು ತಾತನ ಲಾರಿ ದಾಟುವಾಗ ಕತ್ತಲ ಕ್ಯಾಬಿನ್ನಿನಿಂದ ಪಿಸುದನಿ ಬಂತು.

"ಮಗಾ... ಹತ್ರ ಬರ್ಬೇಡ."

"ಯಾಕೆ ತಾತ, ಹುಷಾರಿಲ್ವಾ?"

"ಹೆಣ ಆದ್ರೆ ಗಡಿ ದಾಟಿಸಲ್ವಂತೆ... ಈ ಕಡೆಯೇ ಮಣ್ಣು ಮಾಡ್ತಾರಂತೆ... ನಾನು ನಮ್ಮವಳ ಪಕ್ಕದಲ್ಲೇ ಮಲಗ್ಬೇಕು ಮಗಾ."

"ಏನೇನೋ ಮಾತಾಡ್ಬೇಡಿ. ನಿದ್ದೆ ಹೋದ್ರೆ ಎಬ್ಬಿಸಿ ನನ್ನ. ಆರರೊಳಗೆ ದಾಟ್ಬೇಕು."

"ಎಬ್ಬಿಸ್ತೀನಿ... ನೀನು ಸುಮ್ನಿದ್ರೆ ಸಾಕು."

ಒಂದು ಗಂಟೆಗೆ ಟಣ್ ಟಣ್. ಮುಂದಕ್ಕೆ ಹೋದ. ಮೂರಕ್ಕೆ ಮತ್ತೆ ಟಣ್ ಟಣ್. ಆಗಲೇ ಅವನ ಕಿವಿಗೆ ಅದು ಬಿದ್ದದ್ದು. ಬಿದ್ದದ್ದಲ್ಲ... ಬೀಳದೆ ಇದ್ದದ್ದು. ತಾತನ ಲಾರಿ ಹೋಗುತ್ತಿದೆ, ಟೈರಿನಡಿ ಜಲ್ಲಿ ಕರಕರ ಎನ್ನುತ್ತಿದೆ. ಇಂಜಿನ್ ಸದ್ದಿಲ್ಲ.

ಪಾಪ, ಡೀಸೆಲ್ ಮುಗಿದು ಇಳಿಜಾರಿನಲ್ಲಿ ಬಿಟ್ಟುಕೊಂಡು ಹೋಗುತ್ತಿದ್ದಾನೇನೋ ಎಂದುಕೊಂಡು, ಸಾಲು ನಿಂತ ಮೇಲೆ ತಾತನಿಗೆ ಕುಡಿಯಲು ನೀರಿನ ಕ್ಯಾನು ಹಿಡಿದು ಇಳಿದ. ರಸ್ತೆ ಇಳಿಜಾರಾಗಿರಲಿಲ್ಲ, ಏರಾಗಿತ್ತು. ಸಾಲಿಡೀ ತರಕಾರಿ ಕೊಳೆತು ನಾರುತ್ತಿತ್ತು. ಇಲ್ಲಿಯ ನಾತ ಬೇರೆ.

"ತಾತ..."

ಮೊಬೈಲ್ ಟಾರ್ಚ್ ಹಾಕಿದ. ತಾತ ಸ್ಟೀರಿಂಗಿಗೆ ತಲೆ ಆನಿಸಿ ಕೂತಿದ್ದ. ಕಣ್ಣು ತೆರೆದೇ ಇತ್ತು. ಕಣ್ಣಿನ ಮೇಲೆ ಒಂದು ನೊಣ ಓಡಾಡುತ್ತಿತ್ತು.

ಕ್ಯಾನು ಅಲ್ಲೇ ಬಿಟ್ಟು ಓಡಿ ಬಂದು ಎರಡೂ ಬಾಗಿಲು ಭದ್ರ ಮಾಡಿಕೊಂಡ. ಗೇಟಿಗೆ ಹೋಗಿ ಹೇಳಲೇ? ಹೇಳಿದರೆ ಅಕ್ಕಪಕ್ಕದ ಲಾರಿಯವರನ್ನೆಲ್ಲ ಹದಿನಾಲ್ಕು ದಿನ ಕೂಡಿಹಾಕುತ್ತಾರೆ. ಎಂಟಕ್ಕೆ ಆಪರೇಷನ್. ಅಳು ಬಂತು, ಬಾಯಿಗೆ ಟವೆಲ್ ತುರುಕಿಕೊಂಡ.

ಐದು ದಾಟಿತ್ತು. ಟಣ್... ಟಣ್.

ಬಾನೆಟ್ ಮುಂದೆ ಯಾರೂ ಇಲ್ಲ. ತಾತ ಅಲ್ಲಿ, ಸ್ಟೀರಿಂಗಿನ ಮೇಲೆ. ಸದ್ದು ಇಲ್ಲಿ. ಕಿಟಕಿಯ ಗಾಜಿನ ಹೊರಗೆ, ಕಿವಿಯ ನೇರಕ್ಕೆ, ಪಿಸುದನಿ.

"ಸಾಲು ಸರೀತಿದೆ ಮಗಾ... ಇನ್ನೆರಡೇ ಗಾಡಿ... ಯಾರಿಗೂ ಹೇಳ್ಬೇಡ."

ಅವನು ಆ ಕಡೆ ತಿರುಗಿ ನೋಡಲಿಲ್ಲ. ಗೇರು ಹಾಕಿ, ಹೆಣದ ಹಿಂದೆ ಹೊರಟ.

ಗೇಟಿನಲ್ಲಿ ಮೈತುಂಬ ಪ್ಲಾಸ್ಟಿಕ್ ತೊಟ್ಟ ಗುಮಾಸ್ತ, ನಿದ್ದೆಗೆಟ್ಟು ತಲೆ ಎತ್ತದೆ ಕೂತಿದ್ದ. ಮುಂದಿನ ಲಾರಿಯ ಕಿಟಕಿಯಿಂದ ಒಂದು ಕೈ ನಿಧಾನವಾಗಿ ಹೊರಬಂತು... ಕಪ್ಪಿಟ್ಟ ಉಗುರು. ಗುಮಾಸ್ತ ಇಕ್ಕಳದಲ್ಲಿ ಕಾಗದ ತೆಗೆದುಕೊಂಡ. ಠಪ್. ಮೊಹರು ಒತ್ತಿ ಹಿಂದಕ್ಕೆ ಕೊಟ್ಟ. ಗೇಟಿನ ಅಡ್ಡಕಂಬಿ ಮೇಲಕ್ಕೆದ್ದಿತು. ಲಾರಿ ದಾಟಿತು, ಸದ್ದಿಲ್ಲದೆ. ಆಮೇಲೆ ಇವನ ಕಾಗದಕ್ಕೂ ಠಪ್.

ಎಂಟಕ್ಕೆ ಸರಿಯಾಗಿ ರಕ್ತ ಕೊಟ್ಟ. ಹೆಂಡತಿ ಉಳಿದಳು, ಹೆಣ್ಣುಮಗು. ಅವನು ಮಾತ್ರ ಆರು ತಿಂಗಳು ಲಾರಿ ಹತ್ತಲಿಲ್ಲ.

ತಾತನ ಲಾರಿ ಗೇಟು ದಾಟಿ ನೂರು ಹೆಜ್ಜೆಯಲ್ಲಿ, ರಸ್ತೆ ಬದಿಗೆ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು ನಿಂತಿತ್ತಂತೆ. ಟ್ಯಾಂಕಿನಲ್ಲಿ ಹನಿ ಡೀಸೆಲ್ ಇರಲಿಲ್ಲ. ಸತ್ತು ಎರಡು ದಿನವಾಗಿದೆ ಎಂದು ಡಾಕ್ಟರು ಬರೆದರು. ಸಿಕ್ಕಿದ್ದು ಆ ಕಡೆಯಾದ್ದರಿಂದ ತಾತನ ಮಗಳನ್ನು ಕರೆಸಿ ಒಪ್ಪಿಸಿದರು. ತಾತನ ಹೆಂಡತಿಯ ಸಮಾಧಿಯ ಪಕ್ಕದಲ್ಲೇ ಮಣ್ಣಾಯಿತು.

ನಂಬದಿದ್ದರೆ ಬಿಡಿ. ಸುಳ್ಳು ಹೇಳಿ ನನಗೇನಾಗಬೇಕಿದೆ? ತಾತನ ಮುಷ್ಟಿಯಲ್ಲಿದ್ದ ಕಾಗದ ಆ ಮಗಳ ಹತ್ತಿರ ಈಗಲೂ ಇದೆ, ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಅವತ್ತಿನದೇ ತಾರೀಖು, ಬೆಳಗ್ಗೆ ಐದು ನಲವತ್ತು. ಮೊಹರಿನ ಒಂದು ಮೂಲೆಯಲ್ಲಿ ಹೆಬ್ಬೆರಳು ತಾಗಿ ಶಾಯಿ ಸ್ವಲ್ಪ ಅಳಿಸಿದೆ... ಅಷ್ಟೇ.